ಮಾತು ಬಿಟ್ಟವರ ಮೇಲೊಂದು ಸಂಶೋಧನೆ

ನಡೆದದ್ದು ಇಷ್ಟೇ. ನಾನೂ ಗಂಗವ್ವನೂ ಜಗಳ ಮಾಡಿಕೊಂಡು ಮಾತು ಬಿಟ್ಟಿದ್ದೆವು. ಯೂನಿವರ್ಸಿಟಿಯಿಂದ ಬಂದ ಒಬ್ಬ ಮೇಡಂ ಅದನ್ನು ಮೂರು ತಿಂಗಳು ಕುಳಿತು ನೋಡಿ, ಒಗ್ಗಟ್ಟು ಅಂತ ಬರೆದುಕೊಂಡು ಹೋದರು. ಇದರ ಮೇಲೆ ಯಾರು ಏನೇ ಹೇಳಲಿ, ಇಂಗ್ಲಿಷಿನಲ್ಲಿ ಎಷ್ಟೇ ಪುಟ ಅಚ್ಚಾಗಿರಲಿ, ಒಳಗಿನ ಸಂಗತಿ ಇಷ್ಟೇ. ನಾನು ನಾಲ್ಕನೇ ಇಯತ್ತೆ ತನಕ ಸಾಲಿ ಕಲಿತವಳು. ಓದಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿಲ್ಲ; ನನ್ನ ಸೊಸೆಯೇ ಮುನವಳ್ಳಿಯಲ್ಲಿ ಟೀಚರು. ಆದರೆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದರೆ ಅದು ಸಿಟ್ಟೋ ಪ್ರೀತಿಯೋ ಅನ್ನುವುದು ತಿಳಿಯಬೇಕಾದರೆ ಎಷ್ಟು ಓದಿರಬೇಕು ಅನ್ನುವುದು ಮಾತ್ರ ನನಗೆ ಇನ್ನೂ ತಿಳಿದಿಲ್ಲ.

ನೇಸರಗಿಯಲ್ಲಿ ಬಸ್ಸಿನ ರಸ್ತೆಗೆ ಹೊಂದಿಕೊಂಡು ನಮ್ಮದೊಂದು ತಗಡಿನ ಶೆಡ್ಡಿದೆ. ಅಲ್ಲಿ ನಾವು ಆರು ಮಂದಿ ಹೆಂಗಸರು ಜೋಳದ ರೊಟ್ಟಿ ಮಾಡುತ್ತೇವೆ. ಬೈಲಹೊಂಗಲದ ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಕಡಕ್ ರೊಟ್ಟಿ. ಒಲೆ ಮೂರು, ಒಂದೊಂದು ಒಲೆಗೆ ಇಬ್ಬಿಬ್ಬರು. ನಮ್ಮ ಒಲೆಯಲ್ಲಿ ನಾನು ರೊಟ್ಟಿ ಬಡಿದು ಹಂಚಿಗೆ ಹಾಕುತ್ತೇನೆ. ಗಂಗವ್ವ ಮೇಲೆ ನೀರು ಸವರಿ, ಹೊರಳಿಸಿ, ಉಬ್ಬಿಸಿ ತೆಗೆದು ಬುಟ್ಟಿಗೆ ಹಾಕುತ್ತಾಳೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ನನಗಿಂತ ನಾಲ್ಕು ಪಟ್ಟು ಮೊಂಡಿ. ಹನ್ನೊಂದು ಗಂಟೆಯ ಬಸ್ಸಿಗೆ ಬುಟ್ಟಿ ಹೋಗಬೇಕು. ಅದಕ್ಕೇ ಕೈ ಓಡುತ್ತಿರಬೇಕು. ಬಾಯಿಯೂ ಓಡುತ್ತಿತ್ತು, ಮೊದಲು. ಊರಲ್ಲಿ ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಕರು ಹಾಕಿತು, ಯಾರ ಮನೆಯ ಹೋಳಿಗೆ ಹರಿಯಿತು ಎಲ್ಲವೂ ನಮ್ಮ ಹಂಚಿನ ಮೇಲೆ ಬೆಂದೇ ಮುಂದೆ ಹೋಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಗಂಗವ್ವನ ಮೊಮ್ಮಗಳ ಕುಬಸ ಬಂತು. ಬಸುರಿ ಹೆಣ್ಣುಮಗಳಿಗೆ ಹೊಸ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಅದಕ್ಕೆ ಹೇಗೆ ಕರೆಯಬೇಕು ಅನ್ನುವುದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಮನೆಗೆ ಬರಬೇಕು, ಒಳಗೆ ಕೂಡಬೇಕು, ಒಂದು ಗುಟುಕು ಚಹಾ ಕುಡಿಯಬೇಕು, ಆಮೇಲೆ ಇಂಥಾ ದಿನ ಬರಬೇಕು ಅಂತ ಹೇಳಬೇಕು. ಗಂಗವ್ವ ಏನು ಮಾಡಿದಳು? ಇದೇ ಶೆಡ್ಡಿನಲ್ಲಿ, ಇದೇ ಹೊಗೆಯಲ್ಲಿ, ರೊಟ್ಟಿ ಹೊರಳಿಸುತ್ತಾ, ನನ್ನ ಕಡೆ ನೋಡದೆ, "ನಾಡಿದ್ದ ಕುಬಸ ಐತಿ, ಬಾ" ಅಂದಳು. ನಾನು ಹೋಗಲಿಲ್ಲ. ಒಲೆ ಮುಂದೆ ಕರೆದದ್ದು ಕರೆದಂತೆಯೇ? ಅವಳಿಗೆ ನಾನು ಬರಲಿಲ್ಲ ಅಂತ ಸಿಟ್ಟು, ನನಗೆ ಅವಳು ಕರೆಯಲಿಲ್ಲ ಅಂತ ಸಿಟ್ಟು. ಮರುದಿನ ಅವಳು ಮಾತಾಡಲಿ ಅಂತ ನಾನು ಕಾದೆ, ನಾನು ಮಾತಾಡಲಿ ಅಂತ ಅವಳು ಕಾದಳು. ಕಾಯುತ್ತಾ ಕಾಯುತ್ತಾ ನಾಲ್ಕು ವರ್ಷ ಆಯಿತು. ಹಾಗಾದರೆ ಒಲೆಯನ್ನಾದರೂ ಬದಲಿಸಿಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಒಲೆ ಬದಲಿಸೋಣ ಅಂತ ಹೇಳಬೇಕಾದರೂ ಯಾರೋ ಒಬ್ಬರು ಮೊದಲು ಬಾಯಿ ತೆಗೆಯಬೇಕಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ. ಹಿಟ್ಟು ನಾದಲು ಕುದಿಯುವ ನೀರು ಬೇಕಾದರೆ ನಾನು ಪಕ್ಕದ ಒಲೆಯ ಮಾಬೂಬಿಗೆ ಹೇಳುತ್ತಿದ್ದೆ: "ಮಾಬೂಬಿ, ಯಾರಾರ ಎಸರು ಇತ್ತಾಗ ಸರಸಿದ್ರ ಛಲೋ ಆಗತಿತ್ತು." ಗಂಗವ್ವ ಪಾತ್ರೆ ಸರಿಸಿ, "ಮಾಬೂಬಿ, ಕೆಲವು ಮಂದಿಗೆ ಎಸರು ಎಷ್ಟು ಕೊಟ್ರೂ ಸಾಲಂಗಿಲ್ಲ" ಅನ್ನುತ್ತಿದ್ದಳು. ನಡುವೆ ಮಾಬೂಬಿ ಹಣೆ ಒರೆಸಿಕೊಂಡು, "ಯಕ್ಕಾ, ನಾನೇನ ಪೋಸ್ಟ್ ಡಬ್ಬಿ ಏನ್ರಿ?" ಅನ್ನುವಳು. ನನಗೆ ಸಿಟ್ಟು ಜಾಸ್ತಿಯಾದ ದಿನ ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದೆ. ಗಂಗವ್ವನಿಗೆ ಅದು ತಿಳಿದು ರೊಟ್ಟಿಯನ್ನು ಬುಟ್ಟಿಗೆ ರಪ್ಪನೆ ಒಗೆಯುತ್ತಿದ್ದಳು. ನಾನು ಇನ್ನೂ ಜೋರು, ಅವಳು ಇನ್ನೂ ಜೋರು. ಅಂಥ ದಿನ ಹತ್ತೂವರೆಗೇ ಬುಟ್ಟಿ ತುಂಬಿರುತ್ತಿದ್ದವು. ಹೊಟ್ಟೆಯೊಳಗೆ ಮಾತ್ರ ಹೇಳಬೇಕಾದ ಮಾತೆಲ್ಲ ಹಾಗೇ ಉಳಿದು ಹುಳಿಯಾಗುತ್ತಿತ್ತು. ಮಾಬೂಬಿ ಒಳ್ಳೆಯವಳು, ಉಳಿದವರೂ ಒಳ್ಳೆಯವರೇ. ಆದರೆ ಒಳ್ಳೆಯವರ ಜೊತೆ ಎಷ್ಟು ಹೊತ್ತು ಮಾತಾಡಲು ಬರುತ್ತದೆ? ನಾನೊಂದು ಅಂದರೆ ಎರಡು ಅನ್ನುವವಳು ಊರಿಗೆಲ್ಲ ಗಂಗವ್ವ ಒಬ್ಬಳೇ.

ಅಂಥದ್ದರಲ್ಲಿ ಆ ಮೇಡಂ ಬಂದರು. ದೊಡ್ಡ ದೊಡ್ಡ ಕಂಪನಿ ನಡೆಸುವುದು ಹೇಗೆ ಅಂತ ಕಲಿಸುವ ವಿಭಾಗವಂತೆ ಅವರದು. ಮಂದಿ ಕೂಡಿ ಕೆಲಸ ಮಾಡುವುದು ಹೇಗೆ ಅನ್ನುವುದರ ಮೇಲೆ ಸಂಶೋಧನೆ ಮಾಡುತ್ತಿದ್ದಾರಂತೆ. ದೊಡ್ಡ ಕಂಪನಿಗಳಲ್ಲಿ ಮಂದಿ ಕೂಡಿ ಕೆಲಸ ಮಾಡುವುದಿಲ್ಲ ಅಂತ ಕಾಣುತ್ತದೆ, ಅದಕ್ಕೇ ನಮ್ಮ ಕಡೆ ಬಂದರು. ತೆಳ್ಳಗಿನ ಹೆಣ್ಣುಮಗಳು, ದಪ್ಪ ಚಷ್ಮಾ. ವಾರಕ್ಕೆ ಎರಡು ದಿನ ಬಂದು ಮಣೆಯ ಮೇಲೆ ಕುಳಿತು, ಹೊಗೆಗೆ ಕಣ್ಣೀರು ಸುರಿಸುತ್ತಾ, ಕೈಯಲ್ಲಿ ವಹಿ ಹಿಡಿದು ಗೀಚುತ್ತಿದ್ದರು. ಹೊರಗಿನವರ ಮುಂದೆ ಬೇಡ ಅಂತ ಆ ದಿನ ಮಾಬೂಬಿಯ ಪೋಸ್ಟೂ ನಡೆಯುತ್ತಿರಲಿಲ್ಲ, ಉಳಿದವರೂ ಬಾಯಿ ಬಿಗಿಹಿಡಿದು ಕೂಡುತ್ತಿದ್ದರು. ಆ ಕಣ್ಣೀರು ನೋಡಿ ನನಗೇ ಕನಿಕರ ಆಗಿ, ಗಾಳಿ ಬರುವ ಕಡೆ ಮಣೆ ಹಾಕಿಸಿಕೊಟ್ಟೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅಗಸಿ ಚಟ್ನಿ ಹಾಕಿ ಕೊಟ್ಟರೆ ತಲೆ ಎತ್ತದೆ ಉಂಡರು. ತಪ್ಪಾದದ್ದು ಅಲ್ಲಿಯೇ.

ಯಾಕೆಂದರೆ ಉಂಡು ಕೈ ತೊಳೆದ ಮೇಲೆ ಅವರು ಕೇಳಿದರು: "ನಿಮ್ಮಲ್ಲಿ ಯಾವತ್ತಾದರೂ ಜಗಳ ಆಗುತ್ತಾ ಅಮ್ಮಾ?"

ನಮ್ಮ ಕೈಯ ರೊಟ್ಟಿ ಉಂಡವರು ಅಂದರೆ ಬೀಗರ ಸಮಾನ. ಬೀಗರ ಮುಂದೆ ಮನೆಯ ಹರಿದ ಕೌದಿ ಯಾರಾದರೂ ಬಿಚ್ಚಿ ತೋರಿಸುತ್ತಾರೆಯೇ? ಆರೂ ಮಂದಿಯ ಬಾಯಲ್ಲಿ ಒಂದೇ ಮಾತು ಬಂತು. "ಜಗಳಾ? ಅದೇನ್ರಿ ಅದು," ಅಂದಳು ಮಾಬೂಬಿ, ನಮ್ಮಿಬ್ಬರ ನಡುವೆ ನಾಲ್ಕು ವರ್ಷ ಪೋಸ್ಟ್ ಡಬ್ಬಿಯಾಗಿದ್ದವಳು. "ನಾವು ಅಕ್ಕ ತಂಗ್ಯಾರು ಇದ್ದಂಗ್ರಿ," ಅಂದಳು ಗಂಗವ್ವ. ನಾನೇನು ಕಡಿಮೆಯೇ? "ಗಂಗಕ್ಕ ಅಂದ್ರ ನಮಗ ದೇವರಿದ್ದಂಗ್ರಿ," ಅಂದೆ. ಅಂದೇಬಿಟ್ಟೆ. ಈಗ ನೆನೆದರೆ ನಾಲಿಗೆ ಸುಡುತ್ತದೆ. ಮೇಡಂ ಅದನ್ನೆಲ್ಲ ಬರೆದುಕೊಂಡರು. ಅವರಿಗೆ ನಾವು ಹೇಳಿದ್ದು ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಅದು ಮರ್ಯಾದೆ. ಬಂದವರು ಮರ್ಯಾದೆ ಯಾವುದು, ಮಾಹಿತಿ ಯಾವುದು ಅಂತ ಆರಿಸಿಕೊಳ್ಳಬೇಕು. ಜೋಳವನ್ನು ನಾವು ಕಲ್ಲು ಆರಿಸದೆ ಬೀಸುತ್ತೇವೆಯೇ?

ಮೂರು ತಿಂಗಳಾದ ಮೇಲೆ ಮೇಡಂ ಹೋದರು. ನಾವೂ ಮರೆತೆವು. ಒಂದು ಭಾನುವಾರ ಊಟವಾದ ಮೇಲೆ ನನ್ನ ಸೊಸೆ ರೇಣುಕಾ ಫೋನು ಹಿಡಿದುಕೊಂಡು ಬಂದು, "ಅತ್ತಿ, ಮೇಡಂ ಕಳಿಸ್ಯಾರ. ನಿಮ್ಮ ಶೆಡ್ಡಿನ ಬಗ್ಗೆ ಅಚ್ಚಾಗೇತಿ" ಅಂದಳು. ನಾನು ಸೆರಗು ಸರಿಮಾಡಿಕೊಂಡು ಕುಳಿತೆ, ಫೋಟೋ ತೆಗೆಯುವವರ ಮುಂದೆ ಕುಳಿತಂತೆ. ರೇಣುಕಾ ಇಂಗ್ಲಿಷು ಓದುತ್ತಾ ಕನ್ನಡ ಮಾಡುತ್ತಾ ಹೋದಳು. ಇವರು ಕೆಲಸದ ಹೊತ್ತಿನಲ್ಲಿ ಮಾತೇ ಆಡುವುದಿಲ್ಲವಂತೆ. ಮಾತಿಲ್ಲದೆಯೇ ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯುತ್ತದಂತೆ. ರೊಟ್ಟಿ ಬಡಿಯುವ ಸಪ್ಪಳವೇ ಇವರ ಭಾಷೆಯಂತೆ; ಸಪ್ಪಳ ಏರಿದಂತೆಲ್ಲ ಕೆಲಸದ ಉತ್ಸಾಹ ಏರುತ್ತದಂತೆ. ಅಷ್ಟು ವರ್ಷದ ಒಡನಾಟದಿಂದ ಮಾತ್ರ ಬರುವ ಆಳವಾದ ನಂಬಿಕೆಯಂತೆ ಅದು. ನಾನು ಗಂಗವ್ವನ ಬೆನ್ನಿಗೆ ಬಡಿಯಬೇಕಾದ ಏಟನ್ನೆಲ್ಲ ಹಿಟ್ಟಿಗೆ ಬಡಿದೆ, ಅದಕ್ಕೆ ಉತ್ಸಾಹ ಅಂತ ಹೆಸರು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡುತ್ತಿದ್ದೆ. ರೇಣುಕಾ ಒಂದು ಕಡೆ ಬಂದು ಓದುವುದನ್ನು ನಿಲ್ಲಿಸಿದಳು.

"ಯಾಕ ನಿಂತಿ? ಓದು."

"ಇದರಾಗ ನಾಯಕಿ ಯಾರು ಅಂತ ಬರದಾರ್ರಿ ಅತ್ತಿ. ಹೆಸರು ಹಾಕಿಲ್ಲ, ನಂಬರ ಹಾಕ್ಯಾರ. ಒಂದನೇದಾಕಿ ನಾಯಕಿ ಅಂತ."

"ಒಂದನೇದಾಕಿ ಯಾರು?"

"ಬಾಗಲಕ್ಕ ಬೆನ್ನು ಕೊಟ್ಟು ಕುಂದರಾಕಿ ಅಂತ ಐತಿ. ಗಂಗವ್ವ ಆಯಿನ ಇರಬೇಕು."

"ಮತ್ತ ನಾ?"

"ನೀವು ಎರಡನೇದಾಕಿ."

"ಎರಡನೇದಾಕಿ ಏನ ಮಾಡತಾಳ?"

ರೇಣುಕಾ ನಗು ತಡೆದುಕೊಂಡು, "ನಾಯಕಿ ಹಿಂದ ಹೋಗತಾಳ ಅಂತ ಐತ್ರಿ. ಆಕಿ ಕಣ್ಣಾಗ ಹೇಳಿದ್ದನ್ನ ಈಕಿ ಕೈಲೆ ಮಾಡತಾಳ ಅಂತ" ಅಂದಳು.

"ಇನ್ನೊಮ್ಮೆ ಓದು."

"ಇನ್ನೊಮ್ಮೆ ಓದಿದ್ರೂ ಅದ ಇರತೈತ್ರಿ ಅತ್ತಿ. ಅಚ್ಚಾಗೇತಿ."

ಅದಕ್ಕೆ ಆಧಾರ ಏನು ಅಂತ ಕೇಳಿದೆ. ಇತ್ತು, ಆಧಾರ. ಕೆಲಸದ ನಡುವೆ ಎಲ್ಲರೂ ಮತ್ತೆ ಮತ್ತೆ ತಲೆ ಎತ್ತಿ ಒಂದನೆಯವಳನ್ನೇ ನೋಡುತ್ತಾರಂತೆ. ಹನ್ನೊಂದು ಹತ್ತಿರ ಬಂದಂತೆ ಹೆಚ್ಚು ಹೆಚ್ಚು ನೋಡುತ್ತಾರಂತೆ. ಬಾಯಿಬಿಟ್ಟು ಅಪ್ಪಣೆ ಕೊಡದೆ ಬರೀ ಇರುವಿಕೆಯಿಂದ ನಡೆಸುವ ನಾಯಕತ್ವವಂತೆ. ಅಯ್ಯೋ ನಮ್ಮವ್ವ, ಗಂಗವ್ವ ಕುಳಿತಿರುವುದು ಬಾಗಿಲಿನ ಮುಂದೆ. ಅವಳ ತಲೆಯ ಹಿಂದೆ ರಸ್ತೆ ಕಾಣುತ್ತದೆ. ಬಸ್ಸು ಬಂತೇನೋ ಅಂತ ನಾವು ರಸ್ತೆ ನೋಡುತ್ತೇವೆ. ಅಲ್ಲಿ ಎಮ್ಮೆ ಕಟ್ಟಿದ್ದರೆ ಎಮ್ಮೆಯೇ ನಾಯಕಿ ಆಗುತ್ತಿತ್ತು.

ಆ ವಾರ ನನಗೆ ಅನ್ನ ಸೇರಲಿಲ್ಲ. ಹದಿನೆಂಟು ವರ್ಷದ ಹಿಂದೆ ಶೆಡ್ಡಿಗೆ ತಗಡು ಹಾಕಿಸಲು ಓಡಾಡಿದವಳು ನಾನು. ಖಾನಾವಳಿಯ ಮಾಲೀಕರ ಜೊತೆ ಜಗಳ ಮಾಡಿ ಮೊದಲ ಬುಟ್ಟಿ ಇಳಿಸಿ ಬಂದವಳು ನಾನು. ಗಂಗವ್ವನನ್ನು ಮನೆಯಿಂದ ಕರೆತಂದು ಆ ಬಾಗಿಲಿನ ಹತ್ತಿರ, ಗಾಳಿ ಬರುತ್ತದೆ ಅಂತ, ನನ್ನ ಜಾಗ ಬಿಟ್ಟುಕೊಟ್ಟು ಕೂಡಿಸಿದವಳೂ ನಾನೇ. ಅವಳ ಕಿವಿಗೂ ಸುದ್ದಿ ಬಿದ್ದಿತ್ತು. ಸೋಮವಾರ ಹೊಸ ಇಳಕಲ್ ಸೀರೆ ಉಟ್ಟು ಬಂದಳು, ಹೊಗೆಯಲ್ಲಿ ಕೂಡುವುದಕ್ಕೆ. ನಾನು ಮಾಬೂಬಿಯ ಕಡೆ ತಿರುಗಿ, "ಕೆಲವು ಮಂದಿಗೆ ಪಟ್ಟ ಕಟ್ಟ್ಯಾರಂತ, ಕಿರೀಟ ಒಂದ ಬಾಕಿ" ಅಂದೆ. ಗಂಗವ್ವ ಮಾಬೂಬಿಗೆ, "ಓದಿದ ಮಂದಿಗೆ ಕಣ್ಣ ಇರತಾವ, ಕಂಡದ್ದ ಬರದಾರ" ಅಂದಳು. ಮಾಬೂಬಿ, "ಹೇಳೋದ ಇದ್ರ ಇಬ್ಬರೂ ನೆಟ್ಟಗ ಹೇಳಕೊಳ್ರಿ, ನನ್ನ ಕಿವಿ ಬಾಡಿಗಿಗೆ ಇಲ್ಲ" ಅಂತ ಬೆನ್ನು ತಿರುಗಿಸಿ ಕುಳಿತಳು. ಅಂದಿನಿಂದ ಪೋಸ್ಟೂ ಬಂದ್.

ಒಂದು ತಿಂಗಳಾಯಿತು. ಮೇಡಂ ಮತ್ತೆ ಬಂದರು. ಈ ಸಲ ಒಂದು ಗಾಡಿ ತುಂಬ ಮಂದಿ. ಅವರ ಕಾಲೇಜಿನ ಹುಡುಗ ಹುಡುಗಿಯರು, ಅವರ ಜೊತೆ ತೊರಗಲ್ಲಿನ ಹತ್ತು ಮಂದಿ ಹೆಂಗಸರು. ಅವರೂ ರೊಟ್ಟಿ ಕೆಲಸ ಶುರು ಮಾಡುವವರಂತೆ. ನಮ್ಮನ್ನು ನೋಡಿ ಮಾತಿಲ್ಲದೆ ಕೆಲಸ ಮಾಡುವುದನ್ನು ಕಲಿಯಲಿ ಅಂತ ಮೇಡಂ ಕರೆತಂದಿದ್ದರು. ಹುಡುಗರು ಗೋಡೆಗೆ ಒರಗಿ ಫೋನು ಹಿಡಿದು ನಿಂತರು. ತೊರಗಲ್ಲಿನವರು ಬಾಯಿ ಮುಚ್ಚಿಕೊಂಡು ಸಾಲಾಗಿ ಕುಳಿತರು. ಹತ್ತು ಮಂದಿ ಹೆಂಗಸರು ರೊಟ್ಟಿಯ ಒಲೆಯ ಮುಂದೆ ಬಾಯಿ ಮುಚ್ಚಿಕೊಂಡು ಕುಳಿತದ್ದನ್ನು ನಾನು ಅವತ್ತೇ ನೋಡಿದ್ದು. ಯಾರೋ ಸತ್ತ ಮನೆಯ ಹಾಗೆ ಇತ್ತು.

ನನ್ನ ಪಕ್ಕಕ್ಕೆ ಕುಳಿತವಳು ಕಲ್ಲವ್ವ ಅಂತ, ನನ್ನದೇ ವಯಸ್ಸು. ಸಾಲಿಯ ಕಟ್ಟೆ ಹತ್ತಿದವಳಲ್ಲ, ಆಮೇಲೆ ಅವಳೇ ಹೇಳಿದಳು. ನಾನು ಎರಡು ರೊಟ್ಟಿ ಬಡಿದೆ, ಗಂಗವ್ವ ಎರಡು ತೆಗೆದಳು. ಮೂರನೆಯದಕ್ಕೆ ಕಲ್ಲವ್ವ ನನ್ನ ಕಿವಿಯ ಹತ್ತಿರ ಬಂದು, "ಎಷ್ಟು ವರ್ಷ ಆತು, ಯಕ್ಕಾ?" ಅಂದಳು.

"ಏನು?"

"ಮಾತು ಬಿಟ್ಟು."

ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. "ನಾಕು" ಅಂದೆ.

"ಯಾತಕ್ಕ?"

"ಕುಬಸಕ್ಕ ಮನಿಗೆ ಬಂದು ಕರೀಲಿಲ್ಲ."

"ಮತ್ತ ಬಿಡಬೇಕಾದ್ದ," ಅಂದಳು ಕಲ್ಲವ್ವ, ತೂಕ ಮಾಡಿದವಳಂತೆ. "ನಂದು ಏಳು ವರ್ಷ ಆತು. ನೆಗೆಣ್ಣಿ ಜೋಡಿ, ಮೈದುನನ ಹೇಣ್ತಿ. ಆಕಿನೂ ಬಂದಾಳ ನೋಡ್ರಿ, ಅಕಾ ಅಲ್ಲಿ, ಹಸರ ಸೀರಿ. ಆಕೀಗೂ ನನಗೂ ಈ ತರಬೇತಿ ಬೇಕಾಗಿರಲಿಲ್ಲ."

ಮೂರು ತಿಂಗಳು ಹೊಗೆ ಕುಡಿದು ಮೇಡಂಗೆ ತಿಳಿಯದ್ದು ಇವಳಿಗೆ ಮೂರು ರೊಟ್ಟಿಯಲ್ಲಿ ತಿಳಿಯಿತು. ನನಗೆ ಇನ್ನು ತಡೆಯಲು ಆಗಲಿಲ್ಲ. ಬೀಗರು, ಮರ್ಯಾದೆ, ಕೌದಿ ಎಲ್ಲ ಅತ್ತ ಇಟ್ಟು ಎದ್ದು ನಿಂತೆ. "ಮೇಡಮ್ಮಾರ, ನೀವು ಬರದದ್ದು ಎಲ್ಲಾ ತಪ್ಪು ಐತ್ರಿ. ಇದು ಒಗ್ಗಟ್ಟಲ್ಲ, ಜಗಳ. ಅಕಿ ನಾಯಕಿ ಅಲ್ಲ, ಆಕಿ ಹಿಂದ ರಸ್ತೆ ಐತಿ. ಈ ಹೆಣ್ಮಕ್ಕಳಿಗೆ ಸುಮ್ಮನ ಬಾಯಿ ಕಟ್ಟಿಸಬ್ಯಾಡ್ರಿ" ಅಂದು ಕುಬಸದಿಂದ ಹಿಡಿದು ಎಲ್ಲ ಹೇಳಿದೆ. ಮೇಡಂ ನಾಚಿಕೆಯಿಂದ ತಲೆ ತಗ್ಗಿಸುತ್ತಾರೆ, ಅಚ್ಚಾದದ್ದನ್ನು ವಾಪಸು ತರಿಸುತ್ತಾರೆ, ಎರಡನೆಯವಳನ್ನು ಒಂದನೆಯವಳು ಮಾಡುತ್ತಾರೆ ಅಂತ ನನ್ನ ಲೆಕ್ಕ. ಅವರು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಖ ಕಂದಲಿಲ್ಲ. ದೀಪ ಹಚ್ಚಿದಂತಾಯಿತು.

"ಅಮ್ಮಾ, ಇದು ಅದಕ್ಕಿಂತ ದೊಡ್ಡ ವಿಷಯ," ಅಂದರು. "ಇಷ್ಟು ಸಿಟ್ಟಿದ್ದೂ ಒಂದು ದಿನ ಕೆಲಸ ಕೆಟ್ಟಿಲ್ಲ ಅಂದರೆ ಇದನ್ನೇ ಬೇರೆಯಾಗಿ ಬರೀಬೇಕು." ವಹಿ ಆಗಲೇ ಕೈಗೆ ಬಂದಿತ್ತು. ಆಮೇಲೆ ಬಹಳ ನಯವಾಗಿ, ಆಸ್ಪತ್ರೆಯ ನರ್ಸು ಕೇಳಿದಂತೆ ಕೇಳಿದರು: "ಒತ್ತಾಯ ಏನಿಲ್ಲ. ಆದರೆ ನೀವಿಬ್ಬರೂ ಇನ್ನೊಂದು ವರ್ಷ ಹೀಗೇ ಇರೋಕಾಗುತ್ತಾ?"

ನಾನು ಉತ್ತರ ಹುಡುಕುವುದರೊಳಗೆ ಗಂಗವ್ವ ಹಂಚಿನಿಂದ ಕಣ್ಣು ತೆಗೆಯದೆ, "ನಂದೇನ ತಕರಾರಿಲ್ರಿ ಮೇಡಮ್ಮಾರ. ಒಂದ ಯಾಕ, ಎರಡ ವರ್ಷ ಬೇಕಾದ್ರೂ ಇರತೇನಿ" ಅಂದಳು.

ಮೇಡಂ ಮೇಲಿನ ಸಿಟ್ಟು ಬೇರೆ. ಅವರದು ನೌಕರಿ. ಬರೆಯದಿದ್ದರೆ ಅವರನ್ನು ಯಾರೋ ಕೇಳುತ್ತಾರೆ. ಆದರೆ ಗಂಗವ್ವ? ನನಗೆ ಅರವತ್ತೆಂಟು, ಅವಳಿಗೆ ಎಪ್ಪತ್ತು. ಮೊಣಕಾಲು ಇಬ್ಬರದೂ ಹೋಗಿವೆ, ಹಲ್ಲು ಅವಳದು ಹೋಗಿವೆ, ಕಿವಿ ನನ್ನದು ಹೋಗುತ್ತಿದೆ. ಈ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಯಾರೋ ಬಂದು ಕೇಳಿದರು ಅಂತ ಹಿಟ್ಟಿನ ಹಾಗೆ ಹಿಡಿ ತುಂಬಿ ಕೊಡುವ ವಸ್ತುವೇ? ಅವಳು ಹಲ್ಲಿಲ್ಲದ ಬಾಯಲ್ಲಿ ಮಾತಾಡಿ, ಅದು ನನ್ನ ಕಿವಿಗೆ ಬೀಳಬೇಕಾದರೆ ಇರುವುದೇ ಸ್ವಲ್ಪ ಕಾಲ. ಅದರಲ್ಲಿ ಎರಡು ವರ್ಷವನ್ನು ಅವಳು ಸಂಶೋಧನೆಗೆ ದಾನ ಮಾಡಿದಳು, ನನ್ನನ್ನು ಕೇಳದೆ. ನಾಯಕಿ ಅಲ್ಲವೇ, ಕೇಳುವುದು ಯಾಕೆ? ಸಂಜೆ ರೇಣುಕಾ, "ಹೋಗಿ ಮಾತಾಡಿಬಿಡ್ರಿ ಅತ್ತಿ" ಅಂದಳು. "ಕರೀಲಾರದಾಕಿ ಅಕಿ, ನಾ ಯಾಕ ಮೊದಲ ಮಾತಾಡಲಿ?" ಅಂದೆ. "ಮತ್ತ ಎರಡು ವರ್ಷ ಸುಮ್ಮನ ಇರ್ರಿ. ಎರಡನೇದಾಕಿ ನೀವು, ನಾಯಕಿ ಹೇಳಿದಂಗ ಕೇಳಬೇಕಲ್ಲ" ಅಂದು ಪಾತ್ರೆ ತೊಳೆಯಲು ಹೋದಳು. ಟೀಚರನ್ನು ಸೊಸೆ ಮಾಡಿಕೊಳ್ಳಬಾರದು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕುಳಿತೆ. ಗಂಗವ್ವ ಬಂದಳು, ಒಲೆ ಹಚ್ಚಿದಳು, ಹಂಚು ಕಾಯಿತು. ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ, ಮಾಬೂಬಿಯ ಕಡೆ ತಿರುಗದೆ, ಗಂಗವ್ವನ ಮುಖ ನೆಟ್ಟಗೆ ನೋಡಿ ಹೇಳಿದೆ: "ಗಂಗಕ್ಕ, ನಿನಗ ರೊಟ್ಟಿ ಸುಡಾಕ ಬರಂಗಿಲ್ಲ. ಅಂಚು ಹಸಿ ಉಳಸತಿ. ನಾಕು ವರ್ಷ ಆತು ಹೇಳಬೇಕಂತ."

ಅವಳ ಕೈಯ ನೀರಿನ ಬಟ್ಟೆ ಹಂಚಿನ ಮೇಲೆ ಬಿತ್ತು. ಆಮೇಲೆ ಬಟ್ಟೆ ಎತ್ತಿಕೊಂಡು, "ಅಂಚು ದಪ್ಪ ಬಡದ್ರ ಹಸಿ ಉಳೀದ ಏನ ಆಗತೈತಿ, ನೀಲಾ? ನಿನ್ನ ಕೈ ನಾಕು ವರ್ಷದಾಗ ಕೆಟ್ಟೈತಿ" ಅಂದಳು. ಅಲ್ಲಿಂದ ಶುರುವಾಯಿತು. ಕುಬಸಕ್ಕೆ ಒಲೆ ಮುಂದೆ ಕರೆದದ್ದು ಯಾಕೆ ಅಂದರೆ ಅವತ್ತು ಅವಳ ಮೊಣಕಾಲು ಬಾತಿತ್ತಂತೆ, ನಮ್ಮ ಮನೆಯ ಮೆಟ್ಟಿಲು ಏರಲು ಆಗುತ್ತಿರಲಿಲ್ಲವಂತೆ. ಹಾಗಂತ ಅವತ್ತೇ ಹೇಳಬಾರದಿತ್ತೇ ಅಂದೆ. ಕೇಳಬಾರದಿತ್ತೇ ಅಂದಳು. ಎರಡು ವರ್ಷ ಯಾರ ಅಪ್ಪಣೆ ಮೇಲೆ ಕೊಟ್ಟೆ ಅಂದೆ. ಅಷ್ಟಾದರೂ ಅಂದರೆ ಈ ಮೊಂಡಿ ಬಾಯಿ ತೆಗೆಯುತ್ತಾಳೇನೋ ಅಂತ ಹಾಗೆ ಹೇಳಿದೆ ಅಂದಳು. ಅದಕ್ಕೂ ಏನೋ ಒಂದು ಅಂದೆ, ನೆನಪಿಲ್ಲ. ಉಳಿದ ನಾಲ್ವರು ಕೈ ಕಟ್ಟಿಕೊಂಡು ನಮ್ಮ ಕಡೆ ತಿರುಗಿ ಕುಳಿತುಬಿಟ್ಟಿದ್ದರು. ರಸ್ತೆ ನೋಡುವವರು ಯಾರೂ ಇರಲಿಲ್ಲ. ಹಾರ್ನು ಕೇಳಿ ತಲೆ ಎತ್ತಿದರೆ ಬುಟ್ಟಿಗಳಲ್ಲಿ ಅರ್ಧವೂ ರೊಟ್ಟಿಯಿಲ್ಲ. ಹಂಚಿನ ಮೇಲಿದ್ದದ್ದು ಕರಿ ಆಗಿತ್ತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಸ್ಸು ನಮ್ಮ ಬುಟ್ಟಿಯಿಲ್ಲದೆ ಹೋಯಿತು.

"ಮೇಡಂ ಬರದದ್ದು ಖರೇನ ಐತಿ ನೋಡ್ರಿ, ಯಕ್ಕಾ," ಅಂದಳು ಮಾಬೂಬಿ. "ನೀವು ಸುಮ್ಮನಿದ್ರನ ರೊಟ್ಟಿ ಆಗತಾವ."

ಗಂಗವ್ವ ಸುಟ್ಟ ರೊಟ್ಟಿಯನ್ನು ಒಲೆಗೆ ಒಗೆದು, ಮುಂದಿನ ಬಸ್ಸಿಗಾದರೂ ಬುಟ್ಟಿ ತುಂಬೋಣ, ಇನ್ನು ಮುಂದೆ ಬುಟ್ಟಿ ಹೋಗುವ ತನಕ ಯಾರೂ ಬಾಯಿ ತೆಗೆಯುವುದು ಬೇಡ, ಇವತ್ತಿನಿಂದಲೇ ಶುರು ಅಂತ ತೀರ್ಮಾನ ಕೊಟ್ಟಳು. ನಾಯಕಿಯ ಹಾಗೆಯೇ ಕೊಟ್ಟಳು. ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ, ಹಿಟ್ಟು ನಾದಿದೆ, ಒಂದು ರೊಟ್ಟಿ ಬಡಿದೆ. ಎರಡನೆಯದನ್ನು ಹಂಚಿಗೆ ಹಾಕುವಾಗ ನೆನಪಾಯಿತು, ಆ ಹೊಸ ಇಳಕಲ್ ಸೀರೆಯ ಬಣ್ಣ ಅವಳಿಗೆ ಒಪ್ಪುವುದಿಲ್ಲ ಅಂತ ನಾನು ಇನ್ನೂ ಹೇಳಿಯೇ ಇರಲಿಲ್ಲ. ಹೇಳಿದೆ.